ಲ್ಯಾಬ್‌ನವರು ಹೆಚ್ಚು ಹಣ ಪಡೆದರೆ ಸರ್ಕಾರಿ ದರಪಟ್ಟಿ ತೋರಿಸಿ ವಾಪಸ್ ಕೇಳಬಹುದೇ?

ಹಾಸನದ ಖಾಸಗಿ ಲ್ಯಾಬೊಂದು ನಿಮ್ಮ ತಾಯಿಯವರ ರಕ್ತಪರೀಕ್ಷೆಗೆ ದುಬಾರಿ ಬಿಲ್ ಮಾಡಿದೆ, ಸರ್ಕಾರಿ ದರಪಟ್ಟಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. 2024ರ ಮಳೆಗಾಲದಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಇದೇ ಊರಿನಲ್ಲಿ ಅಲೆದಿದ್ದೇನೆ. ಡೆಂಗಿ ಹರಡಿದ್ದ ಆ ಜುಲೈನಲ್ಲಿ ಸರ್ಕಾರವು ಡೆಂಗಿ ಪತ್ತೆಯ ರಕ್ತಪರೀಕ್ಷೆಗಳಾದ ಎನ್‌ಎಸ್‌1 ಎಲೈಸಾಗೆ 300, ಐಜಿಎಂ ಎಲೈಸಾಗೆ 300, ರ‍್ಯಾಪಿಡ್ ಕಾರ್ಡ್ ಪರೀಕ್ಷೆಗೆ 250 ರೂಪಾಯಿ ಎಂದು ಖಾಸಗಿಯವರಿಗೆ ಮಿತಿ ಹಾಕಿತ್ತು. ಜ್ವರ ಇಳಿಯದ ಮಗಳನ್ನು ಕರೆದೊಯ್ದಾಗ ಲ್ಯಾಬ್‌ನವರು ಕೊಟ್ಟ ರಸೀದಿಯಲ್ಲಿದ್ದದ್ದು ಒಂದೇ ಸಾಲು: ‘ಫೀವರ್ ಪ್ರೊಫೈಲ್ – 1,900’.

ಅದನ್ನು ಹಾಗೆಯೇ ಜೇಬಿಗಿಟ್ಟುಕೊಂಡದ್ದೇ ನನಗೆ ಮುಳುವಾಯಿತು. ಪ್ಲೇಟ್‌ಲೆಟ್ ಎಷ್ಟಿದೆಯೋ ಎಂಬ ಆತಂಕದಲ್ಲಿ ಬಿಲ್ಲಿನ ಕಡೆ ಗಮನವಿರಲಿಲ್ಲ. ವರದಿಯಲ್ಲಿ ಪರೀಕ್ಷೆಗಳ ಹೆಸರೆಲ್ಲ ಇರುತ್ತದೆ, ಅದೇ ಸಾಕ್ಷಿಯಾದೀತು ಎಂದುಕೊಂಡಿದ್ದೆ. ಆದರೆ ವರದಿಯಲ್ಲಿ ಹೆಸರಿರುತ್ತದೆ, ದರವಿರುವುದಿಲ್ಲ. ರಸೀದಿಯಲ್ಲಿ ಮೊತ್ತವಿತ್ತು, ಹೆಸರಿರಲಿಲ್ಲ. ದೂರು ಕೊಟ್ಟಾಗ ಲ್ಯಾಬ್‌ನವರು, ಡೆಂಗಿಗೆ ಪಡೆದದ್ದು 600 ರೂಪಾಯಿ ಮಾತ್ರ, ಉಳಿದದ್ದು ಸಿಬಿಸಿ (ರಕ್ತಕಣಗಳ ಎಣಿಕೆ), ವಿಡಾಲ್ (ಟೈಫಾಯ್ಡ್ ಪರೀಕ್ಷೆ) ಮುಂತಾದವುಗಳ ಶುಲ್ಕ ಎಂದುಬಿಟ್ಟರು. ಅದು ಸುಳ್ಳೆಂದು ತೋರಿಸಲು ನನ್ನಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ.

ಆದ್ದರಿಂದ ಸರ್ಕಾರಿ ದರಪಟ್ಟಿ ಹುಡುಕುವುದನ್ನು ಬಿಡಿ. ಖಾಸಗಿ ಲ್ಯಾಬ್‌ಗಳ ಎಲ್ಲ ಪರೀಕ್ಷೆಗಳಿಗೂ ಅನ್ವಯಿಸುವ ಸರ್ಕಾರಿ ದರ ನಮ್ಮ ರಾಜ್ಯದಲ್ಲಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ (ಕೆಪಿಎಂಇ) 2017ರಲ್ಲಿ ತಿದ್ದುಪಡಿ ತರುವಾಗ ಅಂಥ ಪ್ರಸ್ತಾಪವಿತ್ತು. ಆ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ ಮೇಲೆ ಅದು ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ಸೀಮಿತವಾಯಿತು. ಇದು ಜನರಿಗಾದ ನಷ್ಟವೆಂದೇ ನನ್ನ ಅಭಿಪ್ರಾಯ. ಆದರೂ ದರಗಳನ್ನು ರೋಗಿಗಳಿಗೆ ಕಾಣುವಂತೆ ಪ್ರಕಟಿಸುವ ಹೊಣೆಯನ್ನು ಇದೇ ಕಾಯ್ದೆ ಲ್ಯಾಬ್‌ಗಳ ಮೇಲೂ ಹೊರಿಸಿದೆ. ನೀವು ಪಟ್ಟು ಹಿಡಿಯಬೇಕಾದದ್ದು ಅಲ್ಲಿ.

ಪ್ರತಿ ಪರೀಕ್ಷೆಯ ಹೆಸರು ಮತ್ತು ದರವಿರುವ ವಿವರವಾದ ಬಿಲ್ಲನ್ನು ಲ್ಯಾಬ್‌ನಿಂದ ಲಿಖಿತವಾಗಿ ಕೇಳಿ, ನಿಮ್ಮ ಪತ್ರದ ಪ್ರತಿಗೆ ಅವರಿಂದ ಸಹಿ ಹಾಕಿಸಿಕೊಳ್ಳಿ. ವೈದ್ಯರ ಚೀಟಿಯಲ್ಲಿಲ್ಲದ ಪರೀಕ್ಷೆ ಸೇರಿದೆಯೇ, ಗೋಡೆಯ ಮೇಲಿನ ದರಕ್ಕೂ ಬಿಲ್ಲಿಗೂ ತಾಳೆಯಾಗುತ್ತದೆಯೇ ಎಂದು ನೋಡಿ. ಲ್ಯಾಬ್‌ನಲ್ಲಿ ದರಪಟ್ಟಿಯನ್ನೇ ಪ್ರಕಟಿಸಿಲ್ಲದಿದ್ದರೆ ಅದನ್ನೇ ದೂರಿನ ಮೊದಲ ಅಂಶವಾಗಿ ಬರೆಯಿರಿ. ದೂರು ಹೋಗಬೇಕಾದದ್ದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ. ಅದರ ಸದಸ್ಯ ಕಾರ್ಯದರ್ಶಿ ಜಿಲ್ಲಾ ಆರೋಗ್ಯಾಧಿಕಾರಿಗಳೇ ಆಗಿರುವುದರಿಂದ ಅವರ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಣ ವಾಪಸ್ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಬಹುದು; ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕವಿಲ್ಲ.