ಜಗತ್ತಿನ ಸುದ್ದಿಯೂ ನೀರಿನ ಟ್ಯಾಂಕಿನ ಸಭೆಯೂ

ಹೆಸರು ಪ್ರಕಟಿಸಬೇಡಿ ಎಂದು ಕೋರಿ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರಾಂಶ ಇದು: "ಮನೆಯಲ್ಲಿ ಮಾವನವರು, ಯಜಮಾನರು, ಕಾಲೇಜಿಗೆ ಹೋಗುವ ಮಗ ಮತ್ತು ನಾನು ಇದ್ದೇವೆ. ರಾತ್ರಿ ಊಟಕ್ಕೆ ಕುಳಿತರೆ ಯುದ್ಧ, ಚುನಾವಣೆಗಳದ್ದೇ ಮಾತು. ಅದು ಜಗಳಕ್ಕೆ ತಿರುಗಿ ಒಬ್ಬರು ತಟ್ಟೆ ಬಿಟ್ಟು ಏಳುವುದೂ ಉಂಟು. ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಂಘದ ಸಭೆಗಳಿಗೆ ಮಾತ್ರ ಮನೆಯಿಂದ ಹೋಗುವುದು ನಾನೊಬ್ಬಳೇ. ಬೇರೆ ಮನೆಗಳಿಂದಲೂ ಸಭೆಗೆ ಯಾರೂ ಅಷ್ಟಾಗಿ ಬರುವುದಿಲ್ಲ. ಈ ಸಲ ಕಾರ್ಯದರ್ಶಿಯಾಗಿ ಎಂದು ನನ್ನನ್ನು ಕೇಳಿದ್ದಾರೆ. ಮನೆಯಲ್ಲಿ ಹೇಳಿದರೆ, 'ನಿನಗೇಕೆ ಊರ ಉಸಾಬರಿ' ಎಂದರು. ಜಗತ್ತು ಹೊತ್ತಿ ಉರಿಯುತ್ತಿರುವಾಗ ನೀರಿನ ಟ್ಯಾಂಕ್ ತೊಳೆಸುವ ಬಗ್ಗೆ ಎರಡು ಗಂಟೆ ಚರ್ಚಿಸುವುದು ನನಗೂ ಒಮ್ಮೊಮ್ಮೆ ಕ್ಷುಲ್ಲಕವೆನಿಸುತ್ತದೆ. ಒಪ್ಪಿಕೊಳ್ಳಲೇ, ಬಿಡಲೇ? ಮನೆಗೆ ಕೊಡಬೇಕಾದ ಸಮಯವನ್ನು ಹೊರಗೆ ಕೊಡುವುದು ತಪ್ಪೇ? ಸಂಘದ ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬಂದುಬಿಡೋಣ ಎನ್ನುವಷ್ಟು ರೋಸಿಹೋಗಿದ್ದೇನೆ, ಅದಕ್ಕೇನು ಮಾಡಲಿ?"

ಸಹೋದರಿ, ಮೊದಲಿಗೆ ನೇರವಾಗಿ ಹೇಳಿಬಿಡುತ್ತೇನೆ: ಒಪ್ಪಿಕೊಳ್ಳಿ. ಆದರೆ ಮನೆಗೆಲಸವೆಲ್ಲ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಮಾಡಿ ಮುಗಿಸುವ ನಿಮ್ಮೊಬ್ಬರ ಹವ್ಯಾಸವೆಂಬಂತೆ ಒಪ್ಪಿಕೊಳ್ಳಬೇಡಿ. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಕಷ್ಟದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮನೆಯವರ ಸುದ್ದಿಯ ಗೀಳನ್ನು ಹಗುರವಾಗಿ ಕಾಣುವ ಹಕ್ಕು ಪತ್ರಿಕೆ ನಡೆಸುವ ನನಗಂತೂ ಇಲ್ಲ. ಓದುವವರು ಇರುವುದರಿಂದಲೇ ನಮ್ಮ ಸಂಸಾರವೂ ಸಾಗುತ್ತಿದೆ. ಕಂಡು ಕೇಳರಿಯದ ದೇಶದಲ್ಲಿ ಸಾಯುತ್ತಿರುವವರ ಬಗ್ಗೆ ಊಟದ ಹೊತ್ತಿನಲ್ಲಿ ಮಾತು ಬರುತ್ತದೆಯೆಂದರೆ ಆ ಮನೆಯವರ ಮನಸ್ಸು ಇನ್ನೂ ಮರಗಟ್ಟಿಲ್ಲವೆಂದೇ ಅರ್ಥ. ಆದರೂ ಪ್ರಮಾಣವೆಂಬುದೊಂದಿದೆ. 2013ರಲ್ಲಿ ಬೋಸ್ಟನ್ ಮ್ಯಾರಥಾನ್ ಓಟದ ವೇಳೆ ಬಾಂಬ್ ಸ್ಫೋಟಗೊಂಡ ನಂತರದ ವಾರಗಳಲ್ಲಿ ಅಮೆರಿಕದ ಸಂಶೋಧಕರು ಸಾವಿರಾರು ಜನರನ್ನು ವಿಚಾರಿಸಿದರು. ಸ್ಫೋಟದ ಮರುವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಅದೇ ಸುದ್ದಿಯನ್ನು ನೋಡುತ್ತ, ಕೇಳುತ್ತ ಕುಳಿತವರಲ್ಲಿ ಕಂಡುಬಂದ ತೀವ್ರ ಮಾನಸಿಕ ಒತ್ತಡವು ಸ್ಫೋಟದ ಸ್ಥಳದಲ್ಲೇ ಇದ್ದವರಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿತ್ತು. ಮೊದಲೇ ಕಳವಳಗೊಂಡಿದ್ದವರೇ ಹೆಚ್ಚು ಹೊತ್ತು ಸುದ್ದಿಗೆ ಅಂಟಿಕೊಂಡಿರಬಹುದಲ್ಲವೇ ಎಂದು ಆಕ್ಷೇಪಿಸಲು ಎಡೆಯಿದೆ. ಅದು ಹೇಗೇ ಇರಲಿ, ಸುದ್ದಿ ಹೆಚ್ಚಾದಷ್ಟೂ ತಿಳಿವಳಿಕೆ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಒಮ್ಮೆ ಅಲುಗಾಡಿಸಿ ನೋಡಲು ಅಷ್ಟು ಸಾಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ದೂರದ ಘಟನೆಗಳ ಬಗ್ಗೆ ಬಲವಾದ ಅಭಿಪ್ರಾಯ ಇಟ್ಟುಕೊಂಡು, ಅದಕ್ಕಾಗಿ ಮಗನೊಂದಿಗೋ ತಂದೆಯೊಂದಿಗೋ ವಾದಿಸಿ, ದಣಿದು ಮಲಗುವವರಿಗೆ ಸಾರ್ವಜನಿಕ ಕರ್ತವ್ಯವೊಂದನ್ನು ನಿರ್ವಹಿಸಿದ ತೃಪ್ತಿ ಪುಕ್ಕಟೆಯಾಗಿ ಸಿಕ್ಕಿಬಿಡುತ್ತದೆ. ಅವರು ಮಾತನಾಡಿದ್ದರಿಂದ ಆ ಯುದ್ಧದಲ್ಲಿ ಒಂದು ಗುಂಡೂ ಕಡಿಮೆಯಾಗುವುದಿಲ್ಲ, ಅವರ ಮಾತು ತಪ್ಪಾಗಿದ್ದರೆ ಅದರ ಫಲವನ್ನು ಅವರು ಉಣ್ಣಬೇಕಾಗಿಯೂ ಇಲ್ಲ. ಸಂಘದ ಸಭೆಯಲ್ಲಿ ಹಾಗಲ್ಲ. ನೀವು ಅಲ್ಲಿ ಒಂದು ಮಾತು ಹೇಳಿದರೆ ಎದುರು ಮನೆಯವರು ನಾಳೆ ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಗುತ್ತಾರೆ. ಹೇಳಿದ್ದು ತಪ್ಪಾದರೆ ನಿಮ್ಮ ನಲ್ಲಿಯಲ್ಲೇ ನೀರು ಬರುವುದಿಲ್ಲ. ಈ ವ್ಯತ್ಯಾಸದ ಕಾರಣದಿಂದಲೇ ನಿಮ್ಮ ಮನೆಯವರಿಗೆ ಮೊದಲನೆಯದು ರುಚಿಸುತ್ತಿದೆ, ಎರಡನೆಯದು ಉಸಾಬರಿಯಾಗಿ ಕಾಣುತ್ತಿದೆ ಎಂದು ನನ್ನ ಅನುಮಾನ.

ಟ್ಯಾಂಕಿನ ಬಗ್ಗೆ ಎರಡು ಗಂಟೆ ಚರ್ಚೆಯಾಯಿತು ಎಂದಿದ್ದೀರಿ. ಇಂಥ ಸಭೆಗಳಲ್ಲಿ ಕುಳಿತು ಬಲ್ಲ ನಾನು ಹೇಳುವುದಾದರೆ, ಅದರಲ್ಲಿ ಟ್ಯಾಂಕಿಗೆ ಸಂದದ್ದು ಕಾಲುಗಂಟೆ ಇದ್ದೀತು. ಉಳಿದ ಹೊತ್ತೆಲ್ಲ ಕಳೆದದ್ದು ಬೇರೆ ಪ್ರಶ್ನೆಗಳ ಮೇಲೆ: ಖರ್ಚನ್ನು ಮನೆಗಿಷ್ಟು ಎಂದು ಹಂಚಬೇಕೇ, ತಲೆಗಿಷ್ಟು ಎಂದೇ? ಬೀಗ ಹಾಕಿರುವ ಮನೆಯ ಮಾಲೀಕರೂ ಕೊಡಬೇಕೇ? ಬಾಡಿಗೆಗಿರುವವರಿಗೆ ಸಭೆಯಲ್ಲಿ ಕೈಯೆತ್ತುವ ಹಕ್ಕುಂಟೇ? ಹೋದ ವರ್ಷದ ಬಾಕಿಯನ್ನೇ ಕಟ್ಟದವರ ನೀರು ನಿಲ್ಲಿಸುವುದು ನ್ಯಾಯವೇ, ಆ ಮನೆಯಲ್ಲಿ ಹಸುಗೂಸಿದ್ದರೆ? ತೆರಿಗೆ, ಮತದಾನ, ಪೌರತ್ವ, ದಂಡನೆ, ದಯೆ ಇವೆಲ್ಲ ಇದರಲ್ಲಿ ಬಂದುಹೋದವು. ನಿಮ್ಮ ಮಾವನವರು ಟಿವಿಯಲ್ಲಿ ನೋಡುವ ವಾದಗಳೂ ಇವೇ. ಇಲ್ಲಿ ಮಾತ್ರ ತೀರ್ಮಾನ ಮಾಡುವವರೂ ಅದನ್ನು ಅನುಭವಿಸುವವರೂ ಒಬ್ಬರೇ.

ಹಂಚಿಕೊಂಡ ಆಸ್ತಿಯನ್ನು ಜನ ತಮ್ಮ ಪಾಡಿಗೆ ಬಿಟ್ಟರೆ ಹಾಳುಮಾಡಿಯೇ ತೀರುತ್ತಾರೆ ಎಂಬ ವಾದವನ್ನು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ ಮಂಡಿಸಿ ಬಹಳ ಹೆಸರು ಮಾಡಿದರು. ಅದು ಹಾಗೇನಿಲ್ಲ ಎಂದು ತೋರಿಸಿಕೊಟ್ಟವರು ಎಲಿನಾರ್ ಓಸ್ಟ್ರಾಮ್. ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿ ಅಂತರ್ಜಲವನ್ನು ಹಂಚಿಕೊಳ್ಳಲು ಜನ ಹೇಗೆ ಒಪ್ಪಂದಕ್ಕೆ ಬಂದರು ಎಂಬ ಅಧ್ಯಯನದಿಂದ ಹೊರಟ ಅವರು, ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆ, ಕಾಡುಗಳನ್ನು ಊರಿನವರೇ ನಿಭಾಯಿಸಿದ ಉದಾಹರಣೆಗಳನ್ನು ಜಗತ್ತಿನಾದ್ಯಂತ ಕಲೆಹಾಕಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಅವರು ಎತ್ತಿ ತೋರಿಸಿದ ಊರುಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯೂ ಒಂದು. ಚಳಿಗಾಲವಿಡೀ ಯಾರು ಎಷ್ಟು ಹಸುಗಳನ್ನು ಕೊಟ್ಟಿಗೆಯಲ್ಲಿ ಮೇವು ಹಾಕಿ ಸಾಕಬಲ್ಲರೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಊರಿನ ಹುಲ್ಲುಗಾವಲಿಗೆ ಬಿಡಬಹುದು ಎಂಬ ನಿಯಮವನ್ನು ಅಲ್ಲಿಯವರು 1517ರಲ್ಲೇ ಬರೆದಿಟ್ಟಿದ್ದರು. ಎಷ್ಟು ಸರಳ, ಎಷ್ಟು ಜಾಣತನದ ನಿಯಮ ನೋಡಿ: ಯಾರಿಗೆ ಎಷ್ಟು ಹಸು ಎಂದು ಗೊತ್ತುಮಾಡಲು ಅಧಿಕಾರಿ ಬೇಡ, ಚಳಿಗಾಲವೇ ಗೊತ್ತುಮಾಡಿಕೊಡುತ್ತದೆ. ಸ್ಪೇನ್ ದೇಶದ ವಲೆನ್ಸಿಯಾ ನಗರದಲ್ಲಿ ಇಂದಿಗೂ ಪ್ರತಿ ಗುರುವಾರ ನಡುಹಗಲಿಗೆ ದೊಡ್ಡ ಚರ್ಚಿನ ಬಾಗಿಲ ಮುಂದೆ ನೀರಿನ ನ್ಯಾಯಾಲಯ ಕೂಡುತ್ತದೆ. ನ್ಯಾಯಾಧೀಶರು ಕಾಲುವೆಯ ನೀರನ್ನು ಬಳಸುವ ರೈತರೇ ಆರಿಸಿದ ರೈತರು. ವಿಚಾರಣೆ ಬಾಯಿಮಾತಿನಲ್ಲೇ ನಡೆಯುತ್ತದೆ, ತೀರ್ಪು ಅಲ್ಲಿಯೇ ಹೊರಬೀಳುತ್ತದೆ. ಈ ಪದ್ಧತಿಯನ್ನು 2009ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ರಾಜರು ಬಂದರು, ಹೋದರು, ಅಂತರ್ಯುದ್ಧವೂ ಆಗಿಹೋಯಿತು. ಇಷ್ಟರ ನಡುವೆ ಯಾರ ಹೊಲಕ್ಕೆ ಎಷ್ಟು ನೀರು ಎಂಬ ಆ ಮಾತುಕತೆ ಉಳಿದುಬಂದಿದೆ. ಇದನ್ನು ಕ್ಷುಲ್ಲಕವೆನ್ನಲು ನನಗೆ ಬಾಯಿ ಬರುವುದಿಲ್ಲ.

ಕಾರ್ಯದರ್ಶಿಯಾಗುವವರಿಗೆ ಓಸ್ಟ್ರಾಮ್ ಅವರಿಂದ ಒಂದು ವಿಷಯವನ್ನಂತೂ ಎರವಲು ಪಡೆಯಬಹುದು. ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಮೊದಲ ತಪ್ಪಿಗೆ ದಂಡ ತೀರಾ ಚಿಕ್ಕದಾಗಿರುತ್ತದೆ, ತಪ್ಪು ಮರುಕಳಿಸಿದಂತೆ ಏರುತ್ತ ಹೋಗುತ್ತದೆ. ಬಾಕಿ ಉಳಿಸಿಕೊಂಡವರ ಹೆಸರನ್ನು ಮೊದಲ ತಿಂಗಳಲ್ಲೇ ಸೂಚನಾ ಫಲಕದಲ್ಲಿ ದೊಡ್ಡಕ್ಷರದಲ್ಲಿ ಹಾಕಿ ಮಾನ ಕಳೆಯುವ ಸಂಘಗಳು ಇದನ್ನು ಗಮನಿಸಬೇಕು. ಹಾಗೆ ಮಾಡಿದರೆ ಎರಡನೆಯ ತಿಂಗಳಿಗೆ ಕೈಯಲ್ಲಿ ಬೇರೆ ಅಸ್ತ್ರವೇ ಉಳಿದಿರುವುದಿಲ್ಲ.

ಸಭೆಗೆ ಯಾರೂ ಬರುವುದಿಲ್ಲವೆಂಬ ನಿಮ್ಮ ಕೊರಗಿಗೆ ಜನರ ಸೋಮಾರಿತನವೊಂದೇ ಕಾರಣವಲ್ಲ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನಃಶಾಸ್ತ್ರಜ್ಞರು ನಡೆಸಿದ ಪ್ರಯೋಗವೊಂದರಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಧ್ವನಿಯಂತ್ರದ ಮೂಲಕ ಮಾತನಾಡುತ್ತಿದ್ದವರ ಪೈಕಿ ಒಬ್ಬರಿಗೆ ಮೂರ್ಛೆ ಬಂದಂತೆ ಕೇಳಿಸಲಾಯಿತು. ಅದು ತನಗೊಬ್ಬನಿಗೇ ಕೇಳಿಸುತ್ತಿದೆ ಎಂದುಕೊಂಡವರಲ್ಲಿ ಶೇ 85ರಷ್ಟು ಮಂದಿ, ಆ ದನಿ ಅಡಗುವ ಮೊದಲೇ ನೆರವಿಗಾಗಿ ಎದ್ದುಹೋದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದವರಲ್ಲಿ ಹಾಗೆ ಎದ್ದವರು ಶೇ 31ರಷ್ಟು ಮಾತ್ರ. ಅವರೇನೂ ಕಲ್ಲುಹೃದಯದವರಾಗಿರಲಿಲ್ಲ, ಬೇರೆ ಯಾರಾದರೂ ಹೋಗಿರುತ್ತಾರೆ ಎಂದುಕೊಂಡು ಕುಳಿತರು. 'ಎಲ್ಲ ನಿವಾಸಿಗಳೂ ತಪ್ಪದೆ ಹಾಜರಾಗಬೇಕಾಗಿ ವಿನಂತಿ' ಎಂಬ ಸೂಚನಾಪತ್ರಕ್ಕೂ ಇದೇ ಗತಿ. ಎಲ್ಲರಿಗೂ ಬರೆದದ್ದು ಯಾರಿಗೂ ಮುಟ್ಟುವುದಿಲ್ಲ. ಮುಂದಿನ ಸಭೆಗೆ ಮುಂಚೆ ಕೆಲವು ಮನೆಗಳ ಬಾಗಿಲು ತಟ್ಟಿ, ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಕೆಲಸ ಹೇಳಿ ನೋಡಿ: ಲೆಕ್ಕದ ಪ್ರತಿಗಳನ್ನು ನೀವು ತನ್ನಿ, ಪ್ಲಂಬರ್ ಹೇಳಿದ ದರವನ್ನು ನೀವು ಓದಿ ಹೇಳಿ. ಹೆಸರು ಹಿಡಿದು ಕೇಳಿದ ಕೆಲಸಕ್ಕೆ ಇಲ್ಲವೆನ್ನುವವರು ಕಡಿಮೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಇದೇ ಸ್ಥಾನಕ್ಕೆ ನಿಮ್ಮ ಯಜಮಾನರನ್ನು ಕೇಳಿದ್ದರೆ ಮನೆಯಲ್ಲಿ ಆಕ್ಷೇಪ ಬರುತ್ತಿತ್ತೇ? ನೀವು ಈ ಪ್ರಶ್ನೆಯನ್ನು ಪತ್ರದಲ್ಲಿ ಎಲ್ಲಿಯೂ ಕೇಳಿಲ್ಲ, ಆದರೂ ಸಾಲುಗಳ ನಡುವೆ ಅದು ಇದೆ ಎನಿಸಿತು. ಹೆಂಗಸು ಹೊರಗೆ ಕೊಡುವ ಒಂದು ಗಂಟೆಯನ್ನು ಮನೆಯಿಂದ ಕಿತ್ತುಕೊಂಡದ್ದೆಂದೂ, ಗಂಡಸು ಸುದ್ದಿಯ ಮುಂದೆ ಕೂರುವ ಎರಡು ಗಂಟೆಯನ್ನು ಮನೆಯಲ್ಲೇ ಇದ್ದದ್ದೆಂದೂ ಲೆಕ್ಕ ಹಾಕುವ ಪದ್ಧತಿ ನಮ್ಮಲ್ಲಿ ಅನೇಕರ ಮನೆಗಳಲ್ಲಿದೆ. ಆ ಲೆಕ್ಕವನ್ನು ಜಗಳವಾಡಿ ತಿದ್ದುವುದಕ್ಕಿಂತ ಕೆಲಸ ಹಂಚಿ ತಿದ್ದುವುದು ಸುಲಭ. ಸಭೆಯ ದಿನ ರಾತ್ರಿಯ ಅಡುಗೆ ಮತ್ತು ಪಾತ್ರೆ ನಿಮ್ಮದಲ್ಲವೆಂಬುದನ್ನು ಕಾರ್ಯದರ್ಶಿ ಸ್ಥಾನ ಒಪ್ಪಿಕೊಳ್ಳುವ ಮುಂಚೆಯೇ ಮನೆಯವರಿಗೆ ಹೇಳಿ, ಒಪ್ಪಿಕೊಂಡ ಮೇಲಲ್ಲ. ಅವರ ಪರವಾಗಿಯೂ ಒಂದು ಮಾತು ಹೇಳಬೇಕು: ಸಂಘದ ತಾಪತ್ರಯವನ್ನೆಲ್ಲ ಮನೆಗೆ ಹೊತ್ತು ತಂದು, ಊಟದ ಹೊತ್ತಿನಲ್ಲಿ ಫೋನು ಹಿಡಿದು ಪೈಪಿನ ದೂರು ಕೇಳುವ ಕಾರ್ಯದರ್ಶಿಗಳೂ ಇದ್ದಾರೆ, ಅಂಥವರ ಮನೆಮಂದಿ ಗೊಣಗಿದರೆ ತಪ್ಪೆನ್ನಲಾರೆ. ಇಂತಿಂಥ ವೇಳೆಯಲ್ಲಿ ಮಾತ್ರ ಕರೆ ಮಾಡಬೇಕೆಂದು ಮೊದಲ ಸಭೆಯಲ್ಲೇ ನಿರ್ಣಯ ಮಾಡಿಸಿ, ಅಧಿಕಾರಾವಧಿ ಒಂದೇ ವರ್ಷವೆಂದು ನಡಾವಳಿ ಪುಸ್ತಕದಲ್ಲಿ ಬರೆಸಿ. ಯಾರೂ ಮುಂದೆ ಬಾರದಿದ್ದಲ್ಲಿ ನೀವೇ ಮುಂದುವರಿಯಬೇಕೆಂಬ ಸಾಲನ್ನು ಯಾರಾದರೂ ಸೇರಿಸಲು ಹೊರಟರೆ ಸಹಿ ಹಾಕಬೇಡಿ. ಎಷ್ಟೋ ಸಂಘಗಳಲ್ಲಿ ಒಬ್ಬರೇ ಹತ್ತಾರು ವರ್ಷ ಕಾರ್ಯದರ್ಶಿಯಾಗಿ ಉಳಿದು, ಕೊನೆಗೆ ಎಲ್ಲರ ಬೈಗುಳ ತಿಂದು ಹೊರಹೋಗುವುದು ಇಂಥ ಸಾಲುಗಳಿಂದಲೇ.

ಮಾವನವರಿಗೆ ಬಿಡುವಿದೆ, ಓದುವ ಅಭ್ಯಾಸವಿದೆ, ವಾದಿಸುವ ಹುರುಪಂತೂ ಇದ್ದೇ ಇದೆ. ಸಂಘದ ಉಪನಿಯಮಗಳ ಪ್ರತಿಯನ್ನು ಅವರ ಕೈಗೆ ಕೊಟ್ಟು, ಬಾಡಿಗೆದಾರರ ಹಕ್ಕಿನ ಬಗ್ಗೆ ಅದರಲ್ಲಿ ಏನಿದೆ ಎಂದು ಕೇಳಿ ನೋಡಿ. ಮಗನಿಗೆ ಮೂರು ವರ್ಷಗಳ ಜಮಾಖರ್ಚನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಕೊಡಬಹುದು. ತಾತ ಮೊಮ್ಮಗ ಆಮೇಲೂ ಜಗಳವಾಡುತ್ತಾರೆ, ಸಂಶಯ ಬೇಡ. ಆದರೆ ಆ ಜಗಳ ತೀರ್ಮಾನವಾಗಬಲ್ಲಂಥದ್ದು.

ಕೊನೆಯದಾಗಿ ವಾಟ್ಸ್‌ಆ್ಯಪ್ ಗುಂಪು. ಹೊರಬರಬೇಡಿ, ಕಾರ್ಯದರ್ಶಿಯೇ ಹೊರಗಿದ್ದರೆ ಸುದ್ದಿ ಮುಟ್ಟುವ ದಾರಿಯೇ ಇರುವುದಿಲ್ಲ. ನಿರ್ವಾಹಕರು ಮಾತ್ರ ಬರೆಯಬಹುದಾದಂತೆ ಗುಂಪನ್ನು ಬದಲಿಸುವ ಸೌಲಭ್ಯ 2018ರಿಂದ ಅದರಲ್ಲಿದೆ. ನೀರು, ವಿದ್ಯುತ್, ಲಿಫ್ಟ್ ದುರಸ್ತಿ, ಸಭೆಯ ದಿನಾಂಕ ಇಷ್ಟಕ್ಕೆ ಮಾತ್ರ ಅಂಥದೊಂದು ಗುಂಪು ಮಾಡಿ, ಹರಟೆಗೆ ಹಳೆಯದನ್ನು ಹಾಗೆಯೇ ಬಿಟ್ಟುಕೊಡಿ. ಹಳೆಯ ಗುಂಪಿನಲ್ಲಿ ಬರುವ ಫಾರ್ವರ್ಡ್ ಸಂದೇಶಗಳಲ್ಲಿ ಜೋಡಿ ಬಾಣದ ಗುರುತು ಕಂಡರೆ ಅದು ಅನೇಕ ಕೈ ದಾಟಿ ಬಂದದ್ದೆಂದು ತಿಳಿಯಿರಿ. ಅಂಥ ಸಂದೇಶವನ್ನು 2020ರಿಂದ ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಸಾಧ್ಯವಾಗುವಂತೆ ಆ ಸಂಸ್ಥೆಯೇ ಕಡಿವಾಣ ಹಾಕಿದೆ. ಅದಕ್ಕೆ ಉತ್ತರಿಸುವ ಹೊಣೆ ಕಾರ್ಯದರ್ಶಿಯದಲ್ಲ. ಟ್ಯಾಂಕ್ ತೊಳೆಸುವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನೀರಿರುವುದಿಲ್ಲ ಎಂಬುದನ್ನು ಮಾತ್ರ ಹಿಂದಿನ ಸಂಜೆಯೇ ಹೊಸ ಗುಂಪಿನಲ್ಲಿ ಹಾಕಿ, ಫೋನಿಲ್ಲದ ಹಿರಿಯರ ಬಾಗಿಲಿಗೆ ಒಂದು ಚೀಟಿ ಅಂಟಿಸಿ.

— ಸಂಪಾದಕ