ಸಂಪಾದಕರ ಉತ್ತರ: ಕಾರನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ

ಕೆ.ಆರ್. ಪೇಟೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಮುಖ್ಯ ಭಾಗ ಇಷ್ಟು:

"ನಮ್ಮ ತಂದೆ ಪ್ರೈಮರಿ ಸ್ಕೂಲ್ ಮೇಷ್ಟ್ರು. 1998ರಲ್ಲಿ ಪಿಎಫ್ ಹಣ ತೆಗೆದು ಮಾರುತಿ 800 ಕೊಂಡರು. ಅವರು ಹೋಗಿ ಒಂಬತ್ತು ವರ್ಷ ಆಯಿತು, ಕಾರು ಮಾತ್ರ ಓಡುತ್ತಲೇ ಇತ್ತು. ಹೋದ ತಿಂಗಳು ಮದುವೆ ಮುಗಿಸಿ ರಾತ್ರಿ ಬರುವಾಗ ರಸ್ತೆ ಪಕ್ಕ ಲೈಟಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿತು. ತಮ್ಮನ ಹಣೆಗೆ ಆರು ಹೊಲಿಗೆ, ಅಮ್ಮನ ಮಣಿಕಟ್ಟು ಮುರಿದಿದೆ. ಕಾರಿನ ಮುಂಭಾಗ ಪೂರ್ತಿ ಒಳಗೆ ಹೋಗಿದೆ. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ. ತಮ್ಮ ಗುಜರಿಗೆ ಹಾಕೋಣ ಅಂತಾನೆ. ಮೆಕ್ಯಾನಿಕ್ ಎಪ್ಪತ್ತು ಸಾವಿರ ಕೊಟ್ಟರೆ ಎಬ್ಬಿಸಿ ಕೊಡ್ತೀನಿ ಅಂತಾನೆ. ನನಗೆ ಮನೆ ಹಿಂದೆ ತೆಂಗಿನ ಮರದ ಕೆಳಗೆ ಹಾಗೇ ಇಟ್ಟುಕೊಳ್ಳುವ ಆಸೆ. ನೆನೆಸಿಕೊಂಡರೆ ಅಳು ಬರುತ್ತೆ. ಕಾರಿಗೆ ಅಳುವುದು ಹುಚ್ಚಾ ಸಾರ್?"

ಹುಚ್ಚಲ್ಲ ಮೇಡಂ. ನಮ್ಮಜ್ಜ ಮುದಿ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗಿ ಬಂದ ದಿನ ರಾತ್ರಿ ಊಟಕ್ಕೆ ಕೂರಲಿಲ್ಲ, ಯಾರೂ ಕರೆಯಲೂ ಇಲ್ಲ. ಮುಂಬೈಯಲ್ಲಿ 2023ರ ಅಕ್ಟೋಬರ್ ಕೊನೆಯಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಗಡುವು ಮುಗಿದು ಕೊನೆಯದೂ ರಸ್ತೆಯಿಂದ ಇಳಿದಾಗ, ಒಂದನ್ನಾದರೂ ಮ್ಯೂಸಿಯಂನಲ್ಲಿ ಇಡಿ ಅಂತ ಜನ ಕೇಳಿಕೊಂಡರು. ಅವು ಬಾಡಿಗೆ ಗಾಡಿಗಳು. ನಿಮ್ಮದು ಅಪ್ಪನ ಕಾರು. ಅಳಿ, ಅದಕ್ಕೆ ಯಾರ ಪರ್ಮಿಷನ್ನೂ ಬೇಕಿಲ್ಲ.

ಆದರೆ ಕಾರಿಗಿಂತ ಮೊದಲು ಅಮ್ಮನ ಕೈ. ಅದರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಕಾರಿನ ಬಗ್ಗೆ ಮೂರೂವರೆ ಪುಟ! ಟ್ರ್ಯಾಕ್ಟರು ದೀಪ, ರಿಫ್ಲೆಕ್ಟರ್ ಏನೂ ಇಲ್ಲದೆ ರಸ್ತೆಯಲ್ಲಿ ನಿಂತಿತ್ತು ಅಂದರೆ ತಪ್ಪು ಬರೀ ನಿಮ್ಮ ತಮ್ಮನದಲ್ಲ. ಪೊಲೀಸ್ ಕಂಪ್ಲೇಂಟ್ ಆಗಿದೆಯಾ ಅನ್ನುವುದು ಪತ್ರದಲ್ಲಿ ಇಲ್ಲ. ಆಗಿರದಿದ್ದರೆ ಇವತ್ತೇ ಒಬ್ಬ ವಕೀಲರನ್ನು ನೋಡಿ. ಟ್ರ್ಯಾಕ್ಟರಿನ ಇನ್ಶೂರೆನ್ಸಿನಿಂದ ಪರಿಹಾರ ಕೇಳಲು ಮೋಟಾರು ಅಪಘಾತ ನ್ಯಾಯಮಂಡಳಿ ಇದೆ, ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳ ಗಡುವೂ ಇದೆ. ಕೇಸ್ ಆಗಿದ್ದರೆ ಠಾಣೆಯಲ್ಲಿ ಕೇಳದೆ ಕಾರನ್ನು ಗುಜರಿಗೆ ಮಾತ್ರ ಕಳಿಸಬೇಡಿ. ಆರ್‌ಟಿಓ ಇನ್‌ಸ್ಪೆಕ್ಟರ್ ಬಂದು ಗಾಡಿ ನೋಡಿ ರಿಪೋರ್ಟ್ ಬರೆಯುವವರೆಗೂ ಆ ಜಖಂ ಆದ ಕಾರೇ ನಿಮ್ಮ ಸಾಕ್ಷಿ.

ಇನ್ನು ಎಪ್ಪತ್ತು ಸಾವಿರದ ಮಾತು. ಬೇಡ. ದುಡ್ಡು ಜಾಸ್ತಿ ಆಯಿತು ಅಂತಲ್ಲ, ದುಡ್ಡಿನ ಲೆಕ್ಕ ಹಾಕುವ ಹಾಗಿದ್ದರೆ ನೀವು ನನಗೆ ಪತ್ರ ಬರೆಯುತ್ತಲೇ ಇರಲಿಲ್ಲ. ಲಾರಿ, ಜೀಪಿಗೆ ಕೆಳಗೆ ಬೇರೆಯಾಗಿ ಚಾಸಿ, ಅಂದರೆ ಕಬ್ಬಿಣದ ಚೌಕಟ್ಟು, ಇರುತ್ತದೆ, ಮೇಲೆ ಬಾಡಿ ಕೂರಿಸುತ್ತಾರೆ. ಮಾರುತಿ 800ಕ್ಕೆ ಹಾಗಿಲ್ಲ, ಬಾಡಿಯೇ ಚಾಸಿ. ನೀವು ಬರೆದ ಪ್ರಕಾರ ಎಂಜಿನ್ ಪಕ್ಕದ ತಗಡು, ಏಪ್ರನ್ ಅಂತಾರೆ, ಎರಡೂ ಕಡೆ ಒಳಗೆ ಹೋಗಿದೆ, ಡ್ರೈವರ್ ಬಾಗಿಲು ಮುಚ್ಚುತ್ತಿಲ್ಲ. ಬಾಗಿಲು ಮುಚ್ಚುತ್ತಿಲ್ಲ ಅಂದರೆ ಬಾಗಿಲು ಹಿಡಿದಿರುವ ಕಂಬ, ಪಿಲ್ಲರ್, ಜಾಗ ಬಿಟ್ಟಿದೆ ಅಂತ ಅರ್ಥ. ಟಿಂಕರಿಂಗ್‌ನವರು ಎಳೆದು, ತಟ್ಟಿ, ವೆಲ್ಡಿಂಗ್ ಮಾಡಿ, ಪೇಂಟ್ ಹೊಡೆದು ನಿಲ್ಲಿಸಿದರೆ ನೋಡಲು ಚೆನ್ನಾಗೇ ಕಾಣುತ್ತದೆ. ಓಡಿಸಿದಾಗ ಗೊತ್ತಾಗುತ್ತದೆ, ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ, ಅಲೈನ್‌ಮೆಂಟ್ ನಿಲ್ಲುವುದಿಲ್ಲ, ಟೈರು ಒಂದೇ ಪಕ್ಕ ಸವೆಯುತ್ತದೆ. ಅದೂ ಹೋಗಲಿ. ಒಂದು ಸಲ ಬಗ್ಗಿ ನೇರ ಮಾಡಿಸಿಕೊಂಡ ತಗಡು ಇನ್ನೊಂದು ಪೆಟ್ಟನ್ನು ಮೊದಲಿನ ಹಾಗೆ ತಡೆಯುವುದಿಲ್ಲ. ಏರ್‌ಬ್ಯಾಗ್ ಅಂತೂ ಅದಕ್ಕೆ ಹುಟ್ಟಿದಾಗಲೇ ಇರಲಿಲ್ಲ. ಆ ಸೀಟಿನಲ್ಲಿ ಮತ್ತೆ ಅಮ್ಮನನ್ನು ಕೂರಿಸುತ್ತೀರಾ?

ನಮ್ಮ ಕಾರಿನ ಜಖಂಗೂ ದುಡ್ಡು ಕೊಡುವ ಫುಲ್ ಇನ್ಶೂರೆನ್ಸ್ ತೆಗೆಸಿರಲಿಲ್ಲ ಅಂತ ತಮ್ಮನ ಮೇಲೆ ಸಿಟ್ಟು ಮಾಡಿಕೊಂಡಿದ್ದೀರಿ. ಪಾಪ, ಬಿಡಿ. ಇಷ್ಟು ಹಳೆಯ ಕಾರಿಗೆ ಕಂಪನಿಯವರು ಕಟ್ಟುವ ಬೆಲೆಯೇ ಅಷ್ಟಕ್ಕಷ್ಟೆ. ಹತ್ತು ವರ್ಷ ದಾಟಿದ ಗಾಡಿಯ ಕಬ್ಬಿಣದ ಬಿಡಿಭಾಗಕ್ಕೆ ಅರ್ಧ ಸವಕಳಿ ಹಿಡಿಯುತ್ತಾರೆ, ರಿಪೇರಿ ಖರ್ಚು ಆ ಕಟ್ಟಿದ ಬೆಲೆಯ ಶೇ. 75 ದಾಟಿದರೆ ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋಯಿತು ಅಂತ ಬರೆದುಬಿಡುತ್ತಾರೆ. ಹೇಗೂ ಕಾರು ಉಳಿಯುತ್ತಿರಲಿಲ್ಲ.

ಈಗ ತೆಂಗಿನ ಮರ. ಇಲ್ಲಿ ನಿಮಗೆ ಬೇಜಾರಾದರೂ ಹೇಳುತ್ತೇನೆ. ಭಾರತದಲ್ಲಿ ಮಾರಾಟವಾದ ಮೊಟ್ಟಮೊದಲ ಮಾರುತಿ 800 ಏನಾಯಿತು ಗೊತ್ತಾ? 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರೇ ಅದರ ಕೀಲಿಯನ್ನು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಕೊಟ್ಟಿದ್ದರು. ಅವರು ಅದನ್ನು ಮಾರಲಿಲ್ಲ, 2010ರಲ್ಲಿ ತೀರಿಕೊಳ್ಳುವವರೆಗೂ ಇಟ್ಟುಕೊಂಡಿದ್ದರು. ಆಮೇಲೆ ಅದು ಮನೆಯ ಹೊರಗೆ ನಿಂತು ತುಕ್ಕು ಹಿಡಿಯಿತು. ಫೋಟೋಗಳು ಊರೆಲ್ಲ ಹರಿದಾಡಿದವು. ಕೊನೆಗೆ ಕಂಪನಿಯೇ ಅದನ್ನು ಸರಿಮಾಡಿಸಿ 2022ರಲ್ಲಿ ತನ್ನ ಆಫೀಸಿನಲ್ಲಿ ಇಟ್ಟಿತು. ಪ್ರಧಾನಿ ಕೀಲಿ ಕೊಟ್ಟ ಕಾರಿನ ಗತಿಯೇ ಹಾಗಾದರೆ ನಮ್ಮ ನಿಮ್ಮ ಕಾರಿನ ಪಾಡೇನು? ಇಡುವುದಾದರೆ ಧರ್ಮಸ್ಥಳದ ಹಳೇ ಕಾರುಗಳ ಮ್ಯೂಸಿಯಂನಲ್ಲಿ ಇಟ್ಟ ಹಾಗೆ ಇಡಬೇಕು, ಮೇಲೆ ಸೂರು, ಒರೆಸಲು ಜನ. ತೆಂಗಿನ ಮರದ ಕೆಳಗೆ ಅಂದರೆ ಒಂದು ಮಳೆಗಾಲಕ್ಕೆ ಫ್ಲೋರ್ ತೂತು, ಎರಡನೆಯದಕ್ಕೆ ಹೆಗ್ಗಣ ವೈರು ಕಡಿದಿರುತ್ತದೆ, ಹೆಗ್ಗಣದ ಹಿಂದೆ ಹಾವು. ಒಂದು ಕಾಯಿ ಬಿದ್ದರೆ ಗಾಜೂ ಹೋಯಿತು. ನೀವು ದಿನಾ ಬೆಳಗ್ಗೆ ಹಿತ್ತಲ ಬಾಗಿಲು ತೆಗೆದು ಅದನ್ನೇ ನೋಡಬೇಕು. ಅಪ್ಪ ಆಯುಧಪೂಜೆ ದಿನ ತೊಳೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಸೇವಂತಿಗೆ ಹಾರ ಹಾಕುತ್ತಿದ್ದ ಕಾರು ಅಂತ ನೀವೇ ಬರೆದಿದ್ದೀರಿ, ಅಲ್ವಾ?

ಹಾಗಾದರೆ ತಮ್ಮ ಹೇಳಿದ್ದೇ ಸರಿ. ಆದರೆ ಅವನು ಅಂದುಕೊಂಡ ಹಾಗೆ ಫೋನ್ ಮಾಡಿ ಯಾರನ್ನೋ ಕರೆಸಿ ಕೊಟ್ಟು ಕೈ ತೊಳೆದುಕೊಳ್ಳುವುದಲ್ಲ. ನಾನು ಹಾಗೆ ಮಾಡಿ ಕೆಟ್ಟವನು.

ನನ್ನದು ಫಿಯೆಟ್. ಪ್ರೀಮಿಯರ್ ಪದ್ಮಿನಿ ಅಂತ ಹೆಸರಿದ್ದರೂ ಮನೆಯಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಸ್ಟೇರಿಂಗ್ ಪಕ್ಕದಲ್ಲೇ ಗೇರು. 2007ರಲ್ಲಿ ನೆಲಮಂಗಲದ ಹತ್ತಿರ ಹಿಂದಿನಿಂದ ಲಾರಿ ಗುದ್ದಿತು, ಡಿಕ್ಕಿ ಬಂದು ಹಿಂದಿನ ಸೀಟಿನಲ್ಲಿ ಕೂತಿತು, ಪುಣ್ಯಕ್ಕೆ ಆ ಸೀಟಿನಲ್ಲಿ ಯಾರೂ ಇರಲಿಲ್ಲ. ಗ್ಯಾರೇಜಿಗೆ ಹೋಗಿ ಅದನ್ನು ನೋಡುವ ಧೈರ್ಯ ಬರಲಿಲ್ಲ. ಗುಜರಿಯವನ ಜೊತೆ ಫೋನಲ್ಲೇ ವ್ಯವಹಾರ ಮುಗಿಸಿದೆ. ಒಂದು ವಾರ ಬಿಟ್ಟು ಗ್ಯಾರೇಜಿನ ಹುಡುಗ ಬಂದು ಪ್ಲಾಸ್ಟಿಕ್ ಕವರಲ್ಲಿ ಡ್ಯಾಷ್‌ಬೋರ್ಡಿನ ಪುಟ್ಟ ಗಣಪತಿ, ಒಂದು ಟಾರ್ಚು, ಹೆಂಡತಿಯ ಒಂದು ಕಾಲಿನ ಚಪ್ಪಲಿ ಕೊಟ್ಟು ಹೋದ. ಆ ಕವರು ಕೈಗೆ ಬಂದಾಗ ಆದ ಸಂಕಟ ಇವತ್ತಿಗೂ ಹೋಗಿಲ್ಲ. ಎರಡು ವರ್ಷದ ಮೇಲೆ ನಮ್ಮ ಫಿಯೆಟ್ಟು ನಾನು ಕಾಲೇ ಇಡದ ಊರಲ್ಲಿ ನೋ ಪಾರ್ಕಿಂಗ್‌ನಲ್ಲಿ ನಿಂತಿತ್ತು ಅಂತ ನೋಟೀಸು ಬಂತು! ನಂಬರ್ ಪ್ಲೇಟು ಇನ್ಯಾವುದೋ ಗಾಡಿಗೆ ಹತ್ತಿತ್ತು. ನಾನು ಆರ್‌ಸಿ ರದ್ದು ಮಾಡಿಸಿರಲಿಲ್ಲ, ತಪ್ಪು ನನ್ನದೇ. ಸಮಜಾಯಿಷಿ ಹೇಳಿ ಬಿಡಿಸಿಕೊಳ್ಳುವಷ್ಟರಲ್ಲಿ ಸಾಕುಬೇಕಾಯಿತು.

ಅದಕ್ಕೇ ಹೇಳುತ್ತಿದ್ದೇನೆ. ಸರ್ಕಾರದಲ್ಲಿ ನೋಂದಣಿ ಆಗಿರುವ ಗುಜರಿ ಕೇಂದ್ರ ಯಾವುದು ಹತ್ತಿರ ಇದೆ ಅಂತ ಆರ್‌ಟಿಓದಲ್ಲಿ ವಿಚಾರಿಸಿ. ಅಲ್ಲಿ ಕೊಟ್ಟರೆ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಅಂತ ಒಂದು ಕಾಗದ ಕೊಡುತ್ತಾರೆ. ಮುಂದೆ ಹೊಸ ಕಾರು ಕೊಂಡರೆ ಅದನ್ನು ತೋರಿಸಿ ನೋಂದಣಿ ಶುಲ್ಕ ಉಳಿಸಬಹುದು, ರಸ್ತೆ ತೆರಿಗೆಯಲ್ಲೂ ರಾಜ್ಯಗಳು ಶೇ. 25ರವರೆಗೆ ಬಿಡಬಹುದು ಅಂತ ಕೇಂದ್ರದ ನಿಯಮ ಇದೆ. ಸುಮಾರು 650 ಕೆಜಿ ಕಾರು, ತೂಕದ ಲೆಕ್ಕದಲ್ಲಿ ದೊಡ್ಡ ಮೊತ್ತ ಬರುವುದಿಲ್ಲ, ಅದಕ್ಕೆ ಸಿದ್ಧರಾಗಿರಿ. ಬೇರೆ ಯಾರಿಗೋ ಕೊಡುವುದಾದರೆ ಚಾಸಿ ನಂಬರ್ ಇರುವ ತಗಡಿನ ತುಂಡನ್ನು ನಿಮ್ಮ ಎದುರೇ ಕತ್ತರಿಸಿ ತೆಗೆಸಿಕೊಳ್ಳಿ, ಎರಡೂ ನಂಬರ್ ಪ್ಲೇಟು ಬಿಚ್ಚಿಸಿಕೊಳ್ಳಿ, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಗಾಡಿ ನಾಶವಾದ ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅನ್ನುವುದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಆರ್‌ಸಿ ಅಮ್ಮನ ಹೆಸರಿಗೆ ಆಗಲೇ ಮಾಡಿಸಿದ್ದೀರಿ, ದೊಡ್ಡ ತಲೆನೋವು ತಪ್ಪಿತು. 2023ರಲ್ಲಿ 5,000 ರೂಪಾಯಿ ಕಟ್ಟಿ ರಿನೀವಲ್ ಮಾಡಿಸಿದ್ದು ದಂಡ ಆಯಿತು ಅಂತ ತಮ್ಮ ಗೊಣಗುತ್ತಾನಂತೆ. ಮೊದಲು ಅದಕ್ಕೆ 600 ರೂಪಾಯಿ ಇತ್ತು, ಗೊಣಗಲಿ ಬಿಡಿ. ಆ ಐದು ಸಾವಿರಕ್ಕೆ ಅಪ್ಪನ ಕಾರು ಇಲ್ಲಿಯವರೆಗೂ ಓಡಿತಲ್ಲ.

ಕಳಿಸುವ ದಿನ ನೀವು ಹೋಗಲೇಬೇಕು. ಅಮ್ಮನನ್ನೂ ಕೇಳಿ, ಬರುತ್ತೇನೆ ಅಂದರೆ ಕರೆದುಕೊಂಡು ಹೋಗಿ, ಬೇಡ ಅಂದರೆ ಬಲವಂತ ಮಾಡಬೇಡಿ. ಒಂದು ನಿಂಬೆಹಣ್ಣು, ಒಂದು ಊದುಬತ್ತಿ ಸಾಕು. ಯಾರಾದರೂ ನಕ್ಕರೆ ನಗಲಿ. ಚೋಕ್ ಎಳೆಯುವ ಆ ಗುಬುಟನ್ನು ಬಿಚ್ಚಿಸಿಕೊಳ್ಳಿ, ಚಳಿಗಾಲದ ಬೆಳಗ್ಗೆ ಅಪ್ಪ ಅದನ್ನು ಎಳೆದು ಹಿಡಿದುಕೊಂಡು ನಿಮ್ಮ ಕೈಲಿ ಕೀ ತಿರುಗಿಸುತ್ತಿದ್ದರು ಅಂದಿದ್ದೀರಲ್ಲ. ಈಗಿನ ಕಾರುಗಳಲ್ಲಿ ಅದು ಇಲ್ಲವೇ ಇಲ್ಲ. ಉಳಿದದ್ದು ಅಲ್ಲೇ ಇರಲಿ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿದೆ, ಹಳೇ ಗಾಡಿ ಇಟ್ಟುಕೊಂಡವರು ಕಾರ್ಬುರೇಟರಿಗೆ, ಬಾಗಿಲಿನ ಗಾಜಿಗೆ ಗುಜರಿ ಗುಜರಿ ಅಲೆಯುತ್ತಿರುತ್ತಾರೆ. ಯಾರಿಗೋ ಸಿಗಲಿ.

ಇನ್ನು ಆ ಡೈರಿ. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ತಾರೀಖು, ಲೀಟರು, ಕಿಲೋಮೀಟರು ಬರೆದಿಟ್ಟ ಡೈರಿ ಡ್ಯಾಷ್‌ಬೋರ್ಡಿನ ಡಬ್ಬದಲ್ಲಿ ಇನ್ನೂ ಇದೆ ಅಂತ ಮೂರನೇ ಪುಟದಲ್ಲಿ ಸುಮ್ನೆ ಹಾಗೆ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಅದನ್ನು ಇವತ್ತೇ ಹೋಗಿ ತನ್ನಿ, ಗ್ಯಾರೇಜಿನವರು ಬಿಸಾಡಿಯಾರು. ಕೊನೆಯ ಸಲ ಮೀಟರಿನಲ್ಲಿ ಎಷ್ಟಿದೆ ನೋಡಿ, ಅಪ್ಪ ಬರೆಯುತ್ತಿದ್ದ ಹಾಗೇ ತಾರೀಖು ಹಾಕಿ ನೀವು ಬರೆಯಿರಿ. ಲೀಟರಿನ ಕಾಲಂ ಖಾಲಿ ಬಿಡಿ.

ಅಂದಹಾಗೆ, ನಾಲ್ಕು ಪುಟದಲ್ಲಿ ಕಾರಿನ ಬಣ್ಣ ಯಾವುದು ಅಂತ ನೀವು ಬರೆದೇ ಇಲ್ಲ. ನಾನು ಓದುವಾಗ ಬಿಳಿ ಅಂದುಕೊಂಡೇ ಓದಿದೆ. ಸರಿಯಾ?

- ಸಂ.