ಸಂಪಾದಕರ ಉತ್ತರ: ಬೆಂಚು ಕಾದವರು ಕೋಚ್ ಆದಾಗ

ಮಾನ್ಯರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರನಾಗಿದ್ದು ಮುಂದೆ ಕೋಚ್ ಆದ ಸ್ಟೀವ್ ಕೆರ್ ಕುರಿತ ನಮ್ಮ ಲೇಖನ ಓದಿ ನೀವು ಬರೆದ ನಾಲ್ಕು ಪುಟದ ಕಾಗದ ತಲುಪಿತು. ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೂ ವಿಷಯ ಬಿಟ್ಟು ಕದಲಿಲ್ಲ. ಹಾಗಾಗಿ ಉತ್ತರವೂ ಉದ್ದವಾಗಿದೆ. ನಿಮ್ಮ ಆಕ್ಷೇಪ ಎರಡು. ಪಂದ್ಯಕ್ಕೆ ಸರಾಸರಿ 6 ಅಂಕ ಗಳಿಸಿದ ಆಟಗಾರನ ಆಟಕ್ಕೆ ಅರ್ಧ ಲೇಖನ ಏಕೆ, ಕೋಚ್ ಆದ ಮೇಲಿನ ಕತೆಯಷ್ಟೇ ಸಾಲದಿತ್ತೇ ಎಂಬುದು ಒಂದು. ದೊಡ್ಡ ಆಟಗಾರರು ಒಳ್ಳೆಯ ಕೋಚ್ ಆಗುವುದಿಲ್ಲ, ಬದಲಿ ಆಟಗಾರರಾಗಿ ಬೆಂಚಿನಲ್ಲಿ ಕೂತವರೇ ಆಗುತ್ತಾರೆ ಎಂದು ನೇರವಾಗಿ ಬರೆಯಲು ನಾವು ಹೆದರಿದೆವು ಎಂಬುದು ಇನ್ನೊಂದು.

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಹೆದರಿ ಬಿಟ್ಟದ್ದಲ್ಲ, ಮಾತು ನಿಜವಲ್ಲದ್ದಕ್ಕೆ ಬಿಟ್ಟದ್ದು. ದೊಡ್ಡ ಆಟಗಾರ ಮ್ಯಾಜಿಕ್ ಜಾನ್ಸನ್ ಉದಾಹರಣೆ ಕೊಟ್ಟಿದ್ದೀರಿ: 1994ರಲ್ಲಿ ಲೇಕರ್ಸ್ ತಂಡವನ್ನು 16 ಪಂದ್ಯಗಳಿಗೆ ವಹಿಸಿಕೊಂಡು, 5 ಗೆದ್ದು 11 ಸೋತು ಕೈತೊಳೆದುಕೊಂಡರು. ಸರಿ. ಆದರೆ ಬಿಲ್ ರಸೆಲ್ ಬಾಸ್ಟನ್ ಸೆಲ್ಟಿಕ್ಸ್‌ಗೆ ಆಡುತ್ತಲೇ ಕೋಚ್ ಆಗಿ 1968 ಮತ್ತು 1969ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟರು. ಲ್ಯಾರಿ ಬರ್ಡ್ ಇಂಡಿಯಾನಾ ಪೇಸರ್ಸ್ ತಂಡಕ್ಕೆ ಕೋಚ್ ಆಗಿ ಹೋದ ಮೊದಲ ಋತುವಿನಲ್ಲೇ ವರ್ಷದ ಕೋಚ್ ಎನಿಸಿಕೊಂಡರು. ನಿಮ್ಮ ಸೂತ್ರದಲ್ಲಿ ಇವರಿಬ್ಬರನ್ನು ಎಲ್ಲಿ ಕೂರಿಸೋಣ? ಬೆಂಚಿನಿಂದ ಎದ್ದು ಬಂದು ಕೋಚ್ ಆಗಿ ನೆಲಕಚ್ಚಿದವರೂ ಇರುತ್ತಾರೆ. ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಲೆಕ್ಕ ತಪ್ಪುವುದು ಅಲ್ಲೇ.

ಇನ್ನು ಆ 6 ಅಂಕ. ಕೆರ್ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡಿದ 910 ಪಂದ್ಯಗಳಲ್ಲಿ ಮೊದಲ ಐವರಲ್ಲಿ ಒಬ್ಬರಾಗಿ ಇಳಿದದ್ದು ಬರೀ 30ರಲ್ಲಿ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1988ರಲ್ಲಿ, 50ನೆಯ ಆಯ್ಕೆ. ಅದಕ್ಕೂ ಮೊದಲೇ ಮೊಣಕಾಲು ಕೆಡಿಸಿಕೊಂಡು ಕಾಲೇಜಿನ ಒಂದು ಇಡೀ ಋತು ಕಳೆದುಕೊಂಡಿದ್ದರು. ವೇಗ ಇಲ್ಲ, ಜಿಗಿತ ಇಲ್ಲ. ಇದ್ದದ್ದು ದೂರದಿಂದ ಎಸೆದ ಚೆಂಡನ್ನು ಬಲೆಗೆ ಬೀಳಿಸುವ ಕೈ. ಮೂರು ಅಂಕದ ಎಸೆತಗಳಲ್ಲಿ ಅವರ ಯಶಸ್ಸು ಶೇ. 45.4, ಎನ್‌ಬಿಎಯ ಸಾರ್ವಕಾಲಿಕ ಪಟ್ಟಿಯಲ್ಲಿ ಅದೇ ಮೊದಲ ಸ್ಥಾನ.

ಬೆಂಚಿನಿಂದ ಎದ್ದು ಬಂದು ಬುಟ್ಟಿಗೆ ಗುರಿಯಿಡುವವನ ಪಾಡು ಸ್ವಲ್ಪ ಯೋಚಿಸಿ. ಮೊದಲ ಐವರಲ್ಲಿ ಇರುವವನು ಮೂರು ಎಸೆತ ತಪ್ಪಿಸಿದರೂ ಮುಂದೆ ಇನ್ನೂ ಹತ್ತಿರುತ್ತವೆ. ಇವನಿಗೆ ಸಿಗುವುದೇ ಎರಡು, ಅದೂ ಮೈ ತಣ್ಣಗಾದ ಮೇಲೆ. ಎರಡೂ ತಪ್ಪಿದರೆ ಮತ್ತೆ ಟವಲ್ ಹೊದ್ದು ಕೂರಬೇಕು. 2003ರ ಪ್ಲೇಆಫ್‌ನಲ್ಲಿ (ಲೀಗ್ ಮುಗಿದ ಮೇಲಿನ ಈ ಸುತ್ತುಗಳಲ್ಲಿ, ಫೈನಲ್‌ನಲ್ಲೂ, ಒಂದೇ ಎದುರಾಳಿಯೊಡನೆ ಏಳು ಪಂದ್ಯಗಳವರೆಗೆ ಆಡಬೇಕು) 37ರ ಕೆರ್ ಸ್ಪರ್ಸ್ ತಂಡದಲ್ಲಿ ಬಹುತೇಕ ಕೂತೇ ಇದ್ದರು. ಡಲ್ಲಾಸ್ ವಿರುದ್ಧದ ಆರನೆಯ ಪಂದ್ಯದಲ್ಲಿ ತಂಡ ಹಿಂದೆ ಬಿದ್ದಿದ್ದಾಗ ಕರೆ ಬಂತು. ಎದ್ದು ಹೋಗಿ ಮೂರು ಅಂಕದ ನಾಲ್ಕು ಎಸೆತ ಹಾಕಿದರು, ನಾಲ್ಕೂ ಬಿದ್ದವು. ಸ್ಪರ್ಸ್ ಗೆದ್ದು ಫೈನಲ್‌ಗೆ ಹೋಯಿತು. ಎಲ್ಲರೂ ಹೇಳುವ ಕತೆ, ಕೆರ್ ಶಿಕಾಗೋ ಬುಲ್ಸ್‌ನಲ್ಲಿದ್ದಾಗಿನ 1997ರ ಫೈನಲ್‌ನದು: ಸ್ಕೋರ್ 86-86, ಟೈಮ್‌ಔಟ್‌ನಲ್ಲಿ ತಂಡದ ತಾರೆ ಮೈಕೆಲ್ ಜೋರ್ಡನ್ ಪಕ್ಕದಲ್ಲಿ ಕೂತ ಕೆರ್, ಎದುರಾಳಿ ತಂಡದ ಸ್ಟಾಕ್ಟನ್ ತನ್ನನ್ನು ಬಿಟ್ಟು ಜೋರ್ಡನ್ ಕಡೆ ಹೋದರೆ ತಾನು ಸಿದ್ಧ ಎಂದರು, ಸ್ಟಾಕ್ಟನ್ ಹೋದರು, ಚೆಂಡು ಕೆರ್ ಕೈಗೆ ಬಂತು, ಬುಲ್ಸ್ ಗೆದ್ದಿತು. ನನಗೆ ಹೆಚ್ಚು ಹಿಡಿಸುವುದು 2003ರದೇ. ಅಲ್ಲಿ ಕಾದದ್ದು ಟೈಮ್‌ಔಟ್‌ನ ಕೆಲವು ಕ್ಷಣಗಳಲ್ಲ, ವಾರಗಟ್ಟಲೆ.

ಆ ಅರ್ಧ ಲೇಖನ ಬೇಕಾದದ್ದು ಇದಕ್ಕೇ. 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕೋಚ್ ಆದ ಕೆರ್ ಮಾಡಿದ ಮೊದಲ ಕಷ್ಟದ ಕೆಲಸ, ಆಂಡ್ರೆ ಇಗುವೊಡಾಲಾ ಅವರನ್ನು ಬೆಂಚಿಗೆ ಕಳಿಸಿದ್ದು. ಅಲ್ಲಿಯವರೆಗೆ ಆಡಿದ 758 ಲೀಗ್ ಪಂದ್ಯಗಳಲ್ಲೂ ಮೊದಲ ಐವರಲ್ಲಿ ಇದ್ದ ಆಟಗಾರ ಅವರು. ಹೊಸ ಕೋಚ್ ಬಂದು ಪಕ್ಕಕ್ಕೆ ಕೂತ್ಕೋ ಎಂದರೆ ಯಾರಿಗೆ ಉರಿಯುವುದಿಲ್ಲ? ಆದರೆ ಹೇಳಿದವರು ಸ್ವತಃ ಹದಿನೈದು ಋತು ಅಲ್ಲೇ ಕೂತವರು. ಇಗುವೊಡಾಲಾ ಒಪ್ಪಿದರು. ಮುಂದಿನ ವರ್ಷದ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು 1-2 ಹಿನ್ನಡೆಯಾದಾಗ ನಾಲ್ಕನೆಯ ಪಂದ್ಯಕ್ಕೆ ಅವರನ್ನೇ ಮೊದಲ ಐವರಿಗೆ ತಂದರು. ವಾರಿಯರ್ಸ್ ಅಲ್ಲಿಂದ ಮೂರೂ ಪಂದ್ಯ ಗೆದ್ದಿತು, ಫೈನಲ್‌ನ ಶ್ರೇಷ್ಠ ಆಟಗಾರ ಇಗುವೊಡಾಲಾ. ಆ ಉಪಾಯ ತನ್ನದಲ್ಲ, ನಿಕ್ ಯುರೆನ್ ಎಂಬ ಸಹಾಯಕನದು ಎಂದು ಕೆರ್ ಬಹಿರಂಗವಾಗಿ ಹೇಳಿದರು. ಪಂದ್ಯಕ್ಕೆ ಮುಂಚೆ ತಂಡ ಬದಲಿಸುವುದಿಲ್ಲ ಎಂದು ಪತ್ರಕರ್ತರಿಗೆ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡರು. (ನಮ್ಮ ವೃತ್ತಿಯವನಾಗಿ ನಾನು ಸಿಟ್ಟಾಗಬೇಕಿತ್ತು, ಯಾಕೋ ಸಿಟ್ಟು ಬರಲಿಲ್ಲ.)

ನಿಮ್ಮ ಕಾಗದದ ಮೂರನೆಯ ಪುಟದಲ್ಲಿರುವ ಒಂದು ಮಾತಿಗೆ ಮಾತ್ರ ತಲೆಬಾಗುತ್ತೇನೆ. ಕೆರ್ ಕೈಗೆ ಸಿಕ್ಕಿದ್ದು ಬರಡು ನೆಲವಲ್ಲ. ಹಿಂದಿನ ಋತುವಿನಲ್ಲಿ ಮಾರ್ಕ್ ಜಾಕ್ಸನ್ ಅವರ ಕೈಕೆಳಗೆ ಅದೇ ತಂಡ 51 ಪಂದ್ಯ ಗೆದ್ದಿತ್ತು. ತಂಡದ ಮುಖ್ಯ ಆಟಗಾರರಾದ ಸ್ಟೀಫನ್ ಕರಿ, ಕ್ಲೇ ಥಾಂಪ್ಸನ್, ಡ್ರೇಮಂಡ್ ಗ್ರೀನ್ ಮೂವರೂ ಆಗಲೇ ಇದ್ದರು. ಕರಿ ಗಾಯಗೊಂಡು ಬಹುಪಾಲು ಹೊರಗಿದ್ದ, ಥಾಂಪ್ಸನ್ ಒಂದು ಪಂದ್ಯವನ್ನೂ ಆಡದ 2019-20ರಲ್ಲಿ ಇದೇ ಕೆರ್ 15 ಗೆದ್ದು 50 ಸೋತರು. ಈ ಎರಡು ಅಂಕಿ ಲೇಖನದಲ್ಲಿ ಇರಬೇಕಿತ್ತು. ಕೋಚ್ ಆಗಿ ಕೆರ್ ಗೆದ್ದ ನಾಲ್ಕು ಪ್ರಶಸ್ತಿಗಳ ಮಾತು ಬರೆಯುವ ಸಂಭ್ರಮದಲ್ಲಿ ಬಿಟ್ಟುಹೋಯಿತು.

ಇನ್ನು, ಬೆಂಚಿನ ನೋವು ಗೊತ್ತಿದ್ದವನು ಬೇರೆಯವರನ್ನು ಬೆಂಚಿನಲ್ಲಿ ಕೂರಿಸುವುದು ಹೇಗೆ ಎಂದು ಕೇಳಿದ್ದೀರಿ. ಕೂರಿಸಿದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಕೋಚ್ ಆಗಿ, ಆಗಷ್ಟೇ ಬಾಸ್ಟನ್ ಜೊತೆ ಎನ್‌ಬಿಎ ಗೆದ್ದು ಬಂದಿದ್ದ ಜೇಸನ್ ಟೇಟಮ್ ಅವರನ್ನು ಸರ್ಬಿಯಾ ವಿರುದ್ಧದ ಮೊದಲ ಪಂದ್ಯದಲ್ಲೂ ಸೆಮಿಫೈನಲ್‌ನಲ್ಲೂ ಒಂದು ನಿಮಿಷವೂ ಆಡಿಸಲಿಲ್ಲ. 40 ನಿಮಿಷದ ಆಟದಲ್ಲಿ ಹತ್ತು ಜನಕ್ಕಿಂತ ಹೆಚ್ಚು ಮಂದಿಯನ್ನು ಇಳಿಸಲಾಗದು ಎಂದರು, ಟೇಟಮ್‌ರನ್ನು ಕೂರಿಸಿ ತನಗೇ ತಾನು ಪೆದ್ದನಂತೆ ಕಂಡೆ ಎಂದೂ ಹೇಳಿದರು. ಅಮೆರಿಕದ ಅಭಿಮಾನಿಗಳು ಬೈದರು. ಫೈನಲ್‌ನಲ್ಲಿ ಟೇಟಮ್ ಅಂಗಳಕ್ಕಿಳಿದರು, ಚಿನ್ನ ಬಂತು.

ಕಡೆಯದಾಗಿ, ಲೇಖನದ ಎರಡನೆಯ ಚಿತ್ರದ ಕೆಳಗೆ 1998 ಎಂದು ಅಚ್ಚಾದದ್ದು ನಮ್ಮ ತಪ್ಪು. ಅದು 1997. ಗುರುತಿಸಿ ಬರೆದವರು ನೀವೊಬ್ಬರೇ.

ಸಂಪಾದಕ